ಯಾರದೋ ಹಗ್ಗ

ಕಣಿವೆಯ ಮೂರನೆಯ ಕಡಿದಾದ ಇಳಿತದಲ್ಲೂ ಯಾರದೋ ಹಗ್ಗ ನೇತಾಡುತ್ತಿತ್ತು. ಥೇನ್‌ಗೆ ಪಿತ್ತ ನೆತ್ತಿಗೇರಿತು.

“ನೋಡು, ಇಲ್ಲೂ ಬಿಟ್ಟು ಹೋಗಿದ್ದಾರೆ! ಮೊಳಕ್ಕೊಂದು ಗಂಟು ಬೇರೆ. ಗಂಟು ಹಾಕಿದ ಹಗ್ಗ ಇಳಿಯೋ ಕೊಂಡಿಯಲ್ಲಿ ತೂರುತ್ತೇನಮ್ಮಾ? ಯಾವ ದಡ್ಡ ಮುಂಡೇವೋ!”

ತಂಗಿ ಮೇಬೆತ್ ಎರಡೂ ಕೈಯನ್ನು ಕಂಕುಳಲ್ಲಿ ತುರುಕಿಕೊಂಡಳು. ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಮೇಲೆ ಯೂಟಾದ ಮರುಭೂಮಿ ಬೇಯುತ್ತಿದ್ದರೂ ಈ ಬಿರುಕಿನಂಥ ಕಣಿವೆಯ ತಳಕ್ಕೆ ಸೂರ್ಯ ಇಣುಕಿದ್ದೇ ಇಲ್ಲ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ರಬ್ಬರು ಉಡುಪಿನೊಳಗೂ ಚಳಿ ಮೂಳೆಗೆ ಇಳಿದಿತ್ತು. ಅವಳ ತುಟಿ ನೀಲಿಯಾಗುತ್ತಿದ್ದುದನ್ನು ಥೇನ್ ಆಗಲೇ ಗಮನಿಸಿದ್ದ. ಬೇಗ ಹೊರಬೀಳಬೇಕು. ಕಣಿವೆಯ ಕೆಳಗಿನ ಬಾಯಿ ತಲುಪಿದರೆ ಬಿಸಿಲಿದೆ, ಬಿಸಿ ಮರಳಿದೆ, ಬೆಳಗ್ಗೆ ತಂದು ನಿಲ್ಲಿಸಿದ ಟ್ರಕ್ಕಿನಲ್ಲಿ ಫ್ಲಾಸ್ಕಿನ ತುಂಬ ಸೂಪಿದೆ. ಕತ್ತಲಾದರೆ ತಂಗಿ ಉಳಿಯುತ್ತಾಳೋ ಇಲ್ಲವೋ ಎಂಬ ಯೋಚನೆಯೇ ಅವನಿಗೆ ಬೇಡವಾಗಿತ್ತು.

ಅವಳ ಗಂಡ ಲೋರಿನ್ ಇನ್ನೊಂದು ತಲೆನೋವು. ಸಾಲ್ಟ್ ಲೇಕ್ ನಗರ ಬಿಟ್ಟು ಕದಲದ ಮನುಷ್ಯ. ಹಗ್ಗಕ್ಕೆ ಸಿಕ್ಕಿಸುವ ಸೊಂಟಪಟ್ಟಿಯನ್ನು ಎರಡು ಸಲ ತಲೆಕೆಳಗಾಗಿ ತೊಟ್ಟ. ಮೊದಲ ಕೊಳಕ್ಕೆ ಮೂಗು ಹಿಡಿದು ಹಾರಿ, ಕನ್ನಡಕ ಕಳೆದುಕೊಂಡು, ಅದು ಸಿಗುವ ತನಕ ಎಲ್ಲರನ್ನೂ ತಣ್ಣೀರಿನಲ್ಲಿ ನಿಲ್ಲಿಸಿದ. ತನ್ನ ಈ ಇಬ್ಬರು ಹೊಸಬರು ಸಾಲದೆಂದು, ಮುಂದೆ ಹೋದ ಇನ್ಯಾರೋ ಹೊಸಬರ ಕಸವನ್ನೂ ಬಳಿಯುವ ಕರ್ಮ ಥೇನ್‌ನದು.

ಹೊಸಬರಲ್ಲದೆ ಇನ್ಯಾರು? ಬಲ್ಲವರು ಹಗ್ಗವನ್ನು ಬಂಡೆಗೋ ಮರಕ್ಕೋ ಬಳಸಿ ಎರಡೆಳೆ ಮಾಡಿ ಇಳಿಯುತ್ತಾರೆ, ಒಂದೆಳೆ ಜಗ್ಗಿ ಕೆಳಗೆ ಬೀಳಿಸಿಕೊಂಡು ಮುಂದೆ ನಡೆಯುತ್ತಾರೆ. ಬಂದುಹೋದ ಗುರುತು ಕಣಿವೆಯಲ್ಲಿ ಉಳಿಯಬಾರದು. ಚರ್ಚಿಗೆ ತಪ್ಪಿಸಿಕೊಂಡರೂ ಈ ನಿಯಮವನ್ನು ಥೇನ್ ಎಂದೂ ತಪ್ಪಿದವನಲ್ಲ.

ತನ್ನ ಹಗ್ಗದಲ್ಲಿ ಇಬ್ಬರನ್ನೂ ಇಳಿಸಿದ. ಪರರ ಹಗ್ಗವನ್ನು ಬಿಚ್ಚಿ ಚೀಲಕ್ಕೆ ತುರುಕಿದ. ಕಟ್ಟು ಮಾತ್ರ ಗಟ್ಟಿಯಾಗಿತ್ತು, ಬಿಚ್ಚುವಾಗ ಉಗುರು ಕಿತ್ತುಬಂತು. ಕೊನೆಗೆ ತಾನೂ ಇಳಿದು ತನ್ನದನ್ನು ಎಳೆದುಕೊಂಡ. ಒದ್ದೆ ಹಗ್ಗಗಳ ಭಾರಕ್ಕೆ ಭುಜ ಜಗ್ಗುತ್ತಿತ್ತು.

“ಬಿಟ್ಬಿಡಿ ಭಾವ,” ಎಂದ ಲೋರಿನ್. “ಯಾರದೋ ಹಗ್ಗ, ನಿಮಗ್ಯಾಕೆ ಹೊರೆ?”

“ನಿಮ್ಮನೆ ಅಂಗಳದಲ್ಲಿ ಯಾರಾದ್ರೂ ಕಸ ಎಸೆದ್ರೆ ಸುಮ್ನಿರ್ತೀರಾ?”

“ನಮ್ಮನೆ ಅಂಗಳದಲ್ಲಿ ನಾವು ಈಜಲ್ವಲ್ಲ ಭಾವ.”

ಮೇಬೆತ್ ನಗಲು ಹೋಗಿ ಕೆಮ್ಮಿದಳು. “ಅಣ್ಣಾ, ಅವರಿಗೇನಾದ್ರೂ ಆಗಿದ್ರೆ? ಬಿದ್ದು ಗಿದ್ದು...”

“ಏನೂ ಆಗಿಲ್ಲ. ಹಗ್ಗ ಎಳೆಯೋಕೆ ಬರದೆ ಬಿಟ್ಟು ಹೋಗಿದ್ದಾರೆ ಅಷ್ಟೆ. ಸಿಗಲಿ, ಇಷ್ಟನ್ನೂ ಅವರ ಕೊರಳಿಗೇ ಸುತ್ತುತೀನಿ.”

ಮುಂದಿನ ಕೊಳ ಕತ್ತಲು, ಉದ್ದ, ಕೊಳೆತ ಎಲೆಯ ವಾಸನೆ. ತಲೆಯ ಮೇಲೆ ಬಲು ಎತ್ತರದಲ್ಲಿ ಎರಡು ಗೋಡೆಗಳ ನಡುವೆ ಇಡೀ ಮರವೊಂದು ಸಿಕ್ಕಿಕೊಂಡಿತ್ತು. ಬೇರಿನ ಕೆಸರು ಇನ್ನೂ ಹಸಿಯಾಗಿತ್ತು.

“ಅದು ಅಲ್ಲಿಗೆ ಹೇಗೆ ಹೋಯ್ತು?” ಎಂದ ಲೋರಿನ್.

“ಹೋದ ವಾರದ ಪ್ರವಾಹ ತಂದಿದ್ದು. ಈಗ ಮೋಡ ಇದೆಯಾ? ಇಲ್ಲ. ಬಾಯಿ ಮುಚ್ಕೊಂಡು ಈಜಿ.”

ಮತ್ತೊಂದು ಇಳಿತ. ಮತ್ತೆ ಗಂಟು ಗಂಟಿನ ಹಗ್ಗ. ಅಷ್ಟು ಹೊತ್ತಿಗೆ ಮೇಬೆತ್‌ಳ ಬೆರಳು ಮಡಚುತ್ತಿರಲಿಲ್ಲ, ಅವಳ ಕೊಂಡಿಯನ್ನು ಥೇನ್‌ನೇ ಹಾಕಬೇಕಾಯಿತು. ಅವನಿಗೆ ಅಳು ಬರುವಷ್ಟು ಸಿಟ್ಟು. ಲೋರಿನ್ ಮೇಲೆ, ಕನ್ನಡಕದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಕಾಣದ ದಡ್ಡರ ಮೇಲೆ. ಅವರಿಗೆ ಏನೇನು ಅನ್ನಬೇಕು, ಯಾವ ಮಾತು ಮೊದಲು, ಯಾವುದು ಕೊನೆಗೆ ಎಂದು ಮನಸ್ಸಿನಲ್ಲೇ ಜೋಡಿಸುತ್ತ ಇಳಿದ. ಇಳಿದು, ತಂಗಿ ಚಳಿಯಲ್ಲಿ ಕಾಯುತ್ತಿದ್ದರೂ ಹಠ ಬಿಡದೆ, ಬಿಚ್ಚಿದ ಹಗ್ಗವನ್ನು ಚೀಲದಲ್ಲಿ ಅದುಮಿ ಬಾಯಿ ಬಿಗಿದ.

ಕೊನೆಯ ಇಳಿತದ ಹಗ್ಗವನ್ನೂ ಚೀಲಕ್ಕೆ ಸೇರಿಸಿ ದಾಟಿದಾಗ ಮಾತು ಕೇಳಿಸಿತು. ಮರಳಿನ ದಿಬ್ಬವೊಂದರ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಮಗಳ ಜೊತೆ ಚಳಿ ತಡೆಯುವ ಮಿರುಗುವ ಹಾಳೆ ಹೊದ್ದು ಕೂತು, ಚೀಸ್ ಸುತ್ತಿದ ಟಾರ್ಟಿಯಾ ರೊಟ್ಟಿ ಮೆಲ್ಲುತ್ತಿದ್ದಳು. ಸಿಕ್ಕರು! ಥೇನ್ ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಹೆಂಗಸೇ ಕೈ ಎತ್ತಿದಳು. “ಮುಂದೆ ಹೋಗ್ಬೇಡಿ! ದಾರಿ ಮುಚ್ಚಿಬಿಟ್ಟಿದೆ!”

“ನಿಮಗೆ ದಾರಿ ಕಂಡಿರಲಿಕ್ಕಿಲ್ಲ,” ಎಂದ ಥೇನ್. “ನಾನು ಎಷ್ಟೋ ಸಲ ಇಳಿದಿದ್ದೀನಿ.”

ತಿರುವು ದಾಟಿ ಈಜಿದ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಂಡೆ, ಮರದ ದಿಮ್ಮಿ, ಕೆಸರು. ಒಂದಕ್ಕೊಂದು ಹೆಣೆದು ಕೂತಿದ್ದವು. ಮೇಲೆ ಚಾಚಿದ ಬಂಡೆಯವರೆಗೂ ಸಂದಿಯಿಲ್ಲ. ಉಸಿರು ಕಟ್ಟಿ ಮುಳುಗಿ ತಳದಲ್ಲೂ ತಡಕಿದ. ಮತ್ತೆ ಮುಳುಗಿದ. ಬೆರಳು ತೂರುವಷ್ಟು ಜಾಗವೂ ಇರಲಿಲ್ಲ.

ಅವನು ಮರಳಿ ಬಂದಾಗ ಆ ಹೆಂಗಸು ಮೇಬೆತ್‌ಳನ್ನು ತನ್ನ ಹಾಳೆಯೊಳಗೆ ಎಳೆದುಕೊಂಡು ಬೆನ್ನು ತಿಕ್ಕುತ್ತಿದ್ದಳು. ಲೋರಿನ್ ಥೇನ್ ಬಿಟ್ಟುಹೋಗಿದ್ದ ಹಗ್ಗದ ಚೀಲವನ್ನೇ ದಿಟ್ಟಿಸುತ್ತ ಕೂತಿದ್ದ.

“ಅಳಬೇಡ ಮಗಳೇ,” ಎನ್ನುತ್ತಿದ್ದಳು ಹೆಂಗಸು ಮೇಬೆತ್‌ಗೆ, “ನಾವು ಹೊಸಬರು, ಹೆದರುಪುಕ್ಕಲರು ನೋಡು, ದಾರಿ ಇಲ್ದೇ ಹೋದ್ರೆ ವಾಪಸ್ ಹತ್ತೋಕೆ ಬೇಕಾಗುತ್ತೆ ಅಂತ ಮೇಲಿಂದ ಇಲ್ಲೀತನಕ ಗಂಟು ಹಾಕಿ ಹಗ್ಗ ಕಟ್ಟಿಕೊಂಡೇ ಬಂದಿದ್ದೀವಿ.”