ಕಾಶಿಯಲ್ಲಿ ಬಿಟ್ಟದ್ದು

ಪ್ರೇಮಾ ಪುಸ್ತಕವನ್ನು ಮುಟ್ಟಲಿಲ್ಲ. ಅಂಬುಜಾಕ್ಷಿ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, "ಕಾದಂಬರಿ ಓದೋದನ್ನ ನಾನು ಇಲ್ಲೇ ಬಿಟ್ಟುಹೋಗಿದ್ದೆ. ಮರೆತ್ರಾ ಅಂಬುಜಕ್ಕ?" ಎಂದಳು.

ಅಂಬುಜಾಕ್ಷಿ ಮರೆತಿರಲಿಲ್ಲ. ತಾನು ಮರೆತಂತಿದ್ದರೆ ಇವಳೂ ಮರೆತಾಳೆಂದು ಆಸೆಪಟ್ಟಿದ್ದಳು, ಅಷ್ಟೆ. ಕಾಶಿಯ ಅಸ್ಸಿ ಘಾಟಿನ ಗಲ್ಲಿಯ ಈ ಮನೆಯಲ್ಲಿ ಕರ್ನಾಟಕದ ಯಾತ್ರಿಕರು ಇಳಿದುಕೊಳ್ಳುತ್ತಾರೆ. ಅವಳ ತಮ್ಮ ಕೃಷ್ಣಮೂರ್ತಿ ಪುರೋಹಿತ. ಅವನು ಗಂಡಸರನ್ನು ದೋಣಿ ಹತ್ತಿಸಿ ದಶಾಶ್ವಮೇಧ ಘಾಟಿಗೆ ಕರೆದೊಯ್ದಾಗ, ಮನೆಯಲ್ಲಿ ಉಳಿದ ಹೆಂಗಸರಿಗೆ ತಕ್ಕ ಕಾದಂಬರಿ ಹುಡುಕಿಕೊಡುವುದು ಅಂಬುಜಾಕ್ಷಿಯ ಕೆಲಸ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಎಲೆಯನ್ನು ತಿರುಗಿಸಿ ನೋಡದೆ ಗಿಡದ ಹೆಸರು ಹೇಳದಿದ್ದ ಹಾಗೆ, ನಾಲ್ಕು ಪ್ರಶ್ನೆ ಕೇಳದೆ ಯಾರಿಗೂ ಪುಸ್ತಕ ಕೊಡುವವಳಲ್ಲ.

ಪ್ರೇಮಾ ಮೊದಲ ಸಲ ಬಂದದ್ದು ಹೊಸ ಸೊಸೆಯಾಗಿ, ಸಿರಾದಿಂದ, ಅತ್ತೆಯ ಹಿಂದೆ. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಇಲ್ಲಿ ಬಿಟ್ಟುಹೋಗಬೇಕು. ಹೆಚ್ಚಿನವರು ಜಾಣರು, ಊರಲ್ಲಿ ಸಿಗದ ಹಣ್ಣನ್ನೋ, ಮನೆಯಲ್ಲಿ ಬೇಯಿಸದ ತರಕಾರಿಯನ್ನೋ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ಪ್ರೇಮಾ ಪಡವಲಕಾಯಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ಇವಳಿಗೆ ಪ್ರಾಣ ಅಂದರೆ ಕಾದಂಬರಿ, ಅದನ್ನೇ ಬಿಡಿಸಿ ಎಂದುಬಿಟ್ಟರು. ಕಾದಂಬರಿ ಬಿಟ್ಟೆನೆಂದು ಗಂಗೆಗೆ ಬೊಗಸೆಯ ನೀರು ಚೆಲ್ಲಿ ಮೆಟ್ಟಿಲು ಹತ್ತಿಬಂದವಳು ಅರ್ಧ ಓದಿದ್ದ ಪುಸ್ತಕವನ್ನು ಅಂಬುಜಾಕ್ಷಿಯ ಕೈಗಿತ್ತಳು. ಆ ಸಂಜೆ ಒಣಗಲು ಹಾಕಿದ ಸೀರೆಗಳ ನಡುವೆ ಇಬ್ಬರೂ ಛಾವಣಿಯ ಮೇಲೆ ಕೂತಿದ್ದರು. ಗಂಗೆಯಾಚೆಯ ರಾಮನಗರದ ಕಡೆಯ ಗಾಳಿಗೆ ಸೀರೆಗಳು ಹಾರಿ ಮುಖಕ್ಕೆ ಬಡಿಯುತ್ತಿದ್ದವು. ಪ್ರೇಮಾ ಓದಿದಷ್ಟು ಕಥೆಯನ್ನು ಹೇಳಿ ಕಣ್ಣೊರೆಸಿಕೊಂಡದ್ದು ಅಂಬುಜಾಕ್ಷಿಗೆ ಇನ್ನೂ ನಿನ್ನೆಯಂತಿದೆ.

"ಆ ಕಥೆ ಕೊನೆಗೆ ಏನಾಯ್ತು?" ಪ್ರೇಮಾ ಈಗ ಕೇಳಿದಳು.

"ಏನಾಗತ್ತೆ? ಹುಡುಗ ಬೇರೆ ಜಾತಿ ಅಂತ ಪುಸ್ತಕದುದ್ದಕ್ಕೂ ನಮ್ಮನ್ನ ಅಳಿಸಿ, ಕಡೇ ಪುಟದಲ್ಲಿ ಅವನು ನಮ್ಮವನೇ ಅಂತ ಗೊತ್ತಾಗತ್ತೆ. ಗೋತ್ರವೂ ಬೇರೆ. ಬಸ್, ವಾಲಗ."

ಇಬ್ಬರೂ ನಕ್ಕರು. ಆ ಕೊನೆಯ ಪುಟ ಹುಟ್ಟಿಸಿದ ಸಿಟ್ಟಿನಿಂದಲೇ ಅಂಬುಜಾಕ್ಷಿಯ ಕಪಾಟು ಶುರುವಾದದ್ದು. ಯಾತ್ರಿಕರು ಬಿಟ್ಟುಹೋದವು, ಅಸ್ಸಿಯ ವಿದೇಶಿ ಹುಡುಗರು ಕೊಟ್ಟವು, ಕನ್ನಡ, ಹಿಂದಿ, ಇಂಗ್ಲಿಷು. ಒಂದೇ ನಿಯಮ, ಬೇರೆಯವನು ಕೊನೆಯ ಪುಟದಲ್ಲೂ ಬೇರೆಯವನಾಗಿಯೇ ಇರಬೇಕು.

ನಗು ನಿಂತ ಮೇಲೆ ಪ್ರೇಮಾ ಮಗಳ ವಿಷಯ ಹೇಳಿದಳು. ವರ್ಷಿಣಿ ಶಿಲ್ಲಾಂಗಿನಲ್ಲಿ ಪಶುವೈದ್ಯೆ. ಅಲ್ಲಿಯ ಖಾಸಿ ಬುಡಕಟ್ಟಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದಿದ್ದಾಳೆ. ತಾಯಿ ಬೇಡ ಎನ್ನಲಿಲ್ಲ, ಮಾತು ನಿಲ್ಲಿಸಿದಳು. ಹೀಗೆ ಮದುವೆಯಾದವರ ಕಥೆ ಒಂದಾದರೂ ಓದು, ಆಮೇಲೆ ಬೇಡ ಅನ್ನು ಎಂದು ಮಗಳು ಬರೆದಿದ್ದಾಳೆ. ತೀರಿಹೋದ ಅತ್ತೆಯ ಅಸ್ಥಿಯನ್ನು ಇವತ್ತು ಗಂಗೆಯಲ್ಲಿ ಬಿಟ್ಟಾದ ಮೇಲೆ ಫೋನ್ ಮಾಡುತ್ತಾಳೆ, ಉತ್ತರ ಕೊಡಬೇಕು. ಅಮ್ಮನೇ ಇಲ್ಲವಲ್ಲ, ಇನ್ನು ಓದು ಎಂದು ಗಂಡ ದೋಣಿ ಹತ್ತುವಾಗ ಹೇಳಿಹೋಗಿದ್ದ.

"ಬಿಡಿಸಿದವರು ಹೋದರು ಅಂತ ಬಿಟ್ಟದ್ದನ್ನ ಎತ್ಕೊಳ್ಳೋಕಾಗತ್ತಾ ಅಕ್ಕ? ನಾನು ಮಾತು ಕೊಟ್ಟಿದ್ದು ಗಂಗೆಗೆ, ಅತ್ತೆಗಲ್ಲ."

ಅಂಬುಜಾಕ್ಷಿ ಕೈಯಲ್ಲಿದ್ದ ಪುಸ್ತಕವನ್ನು ಕಪಾಟಿಗೆ ಮರಳಿಸಿದಳು. ಜಮೈಕಾದ ದಾದಿಗೂ ಐರಿಶ್ ಬಡಗಿಗೂ ಲಂಡನ್ನಿನ ಬಸ್ಸಿನಲ್ಲಿ ಹುಟ್ಟಿದ ಪ್ರೀತಿಯ ಕಥೆ. ರೈಲಿನಲ್ಲಿ ಓದಿ ನಗಲಿ ಎಂದು ಆರಿಸಿದ್ದು. "ನಿನಗೆ ಭಯ ಯಾರದ್ದು? ಹುಡುಗನದ್ದಾ, ಜನದ್ದಾ?"

"ಅವನು ಮನೆಗೆ ಬಂದು ಎದುರು ಕೂತರೆ ಏನು ಮಾತಾಡಲಿ? ಅದೇ ಭಯ."

"ಹಾಗಾದರೆ ನಿನಗೆ ಬೇಕಿರೋದು ಹುಡುಗ ಹುಡುಗಿ ಕಥೆ ಅಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತಿರೋಳ ಕಥೆ," ಎಂದು ಅಂಬುಜಾಕ್ಷಿ ಮೇಲಿನ ಸಾಲಿನಿಂದ ದಪ್ಪ ಹಿಂದಿ ಪುಸ್ತಕವೊಂದನ್ನು ಇಳಿಸಿದಳು. ಕೀನ್ಯಾದಲ್ಲಿ ಅಂಗಡಿ ಇಟ್ಟ ಗುಜರಾತಿ ಮನೆ, ಅಲ್ಲಿಯ ಕಪ್ಪು ಮೇಷ್ಟ್ರನ್ನು ಮೆಚ್ಚಿದ ಮಗಳು, ಆ ಮಗಳ ತಾಯಿ.

"ಆಫ್ರಿಕಾದ್ದು ನನಗ್ಯಾಕೆ?"

"ನಿನಗೆ ಶಿಲ್ಲಾಂಗೂ ಅಷ್ಟೇ ದೂರ. ಕೂತ್ಕೋ. ನಾನು ಓದಿ ಕನ್ನಡದಲ್ಲಿ ಹೇಳ್ತೀನಿ."

"ಕೇಳಿದರೆ ಓದಿದ ಹಾಗೇ ಅಲ್ವಾ?"

"ಬಾಳೆಹಣ್ಣು ಬಿಟ್ಟೋಳು ಪಕ್ಕದಲ್ಲಿ ತಿನ್ನೋರನ್ನ ನೋಡಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಬೇಕಾದರೆ ತಮ್ಮ ಬಂದ ಮೇಲೆ ಕೇಳು."

ಪ್ರೇಮಾ ಗೋಡೆಗೊರಗಿ ಕೂತಳು. ಅಂಬುಜಾಕ್ಷಿ ಒಂದು ಕಣ್ಣು ಹಿಂದಿಯ ಮೇಲಿಟ್ಟು ನಿಧಾನವಾಗಿ ಕನ್ನಡದಲ್ಲಿ ಹೇಳುತ್ತ ಹೋದಳು. ನೈರೋಬಿಯ ತಾಯಿ ಕಾಶಿಯ ಕನ್ನಡದಲ್ಲಿ ಮಗಳನ್ನು ಗದರಿದಳು, ದೇವರ ಮುಂದೆ ಅತ್ತಳು, ಊಟ ಬಿಟ್ಟಳು. ಪ್ರೇಮಾ ಕಣ್ಣು ಮುಚ್ಚಿ, ಹೊಸ ಸೊಸೆಯಾಗಿದ್ದಾಗಿನ ಹಾಗೇ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳುತ್ತಿದ್ದಳು. ಮೇಷ್ಟ್ರು ಮೊದಲ ಸಲ ಮನೆಗೆ ಬಂದು ಚಪ್ಪಲಿ ಎಲ್ಲಿ ಬಿಡಲಿ ಎಂದು ಕೇಳಿದಲ್ಲಿಗೆ ಅಧ್ಯಾಯ ಮುಗಿಯಿತು. ಅಷ್ಟರಲ್ಲಿ ಫೋನ್ ಬಂತು.

ಓದಿದೆಯಾ ಎಂದು ಮಗಳು ಕೇಳಿರಬೇಕು. "ಇಲ್ಲ ಕಣೇ, ಓದಲಿಲ್ಲ," ಎಂದಳು ಪ್ರೇಮಾ. ಅಂಬುಜಾಕ್ಷಿ ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗಿದಳು.

"ವರ್ಷಿಣಿ, ಇದೀಯಾ?" ಪ್ರೇಮಾ ಕೇಳಿದಳು. "ಅವನಿಗೆ ನಮ್ಮ ಸಾರು ಖಾರ ಆಗತ್ತಾ?"