ಅಂಗಳದ ಹುಲ್ಲು ಕಲಿತ ಪದ್ಯ

ಸರ್ವಮಂಗಳಮ್ಮನವರ ಅಂಗಳದ ಹುಲ್ಲು, ಎಲ್ಲರ ಮನೆಯ ಹುಲ್ಲಿನಂತೆಯೇ, ಕಿವಿಗೆ ಬಿದ್ದದ್ದನ್ನು ಗಾಳಿ ಬಂದಾಗ ತಿರುಗಿ ಹೇಳುತ್ತಿತ್ತು. ತೀರಿಕೊಂಡ ಯಜಮಾನರು ದಿನವೂ ಸಂಜೆ ಅಲ್ಲಿ ಕೂತು ವಾಚಿಸಿದ ಷಟ್ಪದಿಗಳೆಲ್ಲ ಅದರಲ್ಲಿದ್ದವು. ಈಗ ಹುಲ್ಲು ಮೊಣಕಾಲುದ್ದ ಬೆಳೆದು ಪದ್ಯಗಳು ಒಂದಕ್ಕೊಂದು ತೊಡರಿಕೊಂಡಿದ್ದವು. ಕತ್ತರಿಸಲೇಬೇಕು, ಆದರೆ ಆ ದನಿ ಉಳಿಯಬೇಕು.

“ಪೆಟ್ರೋಲ್ ಮೆಷಿನ್ನು ಬೇಡ ಅಮ್ಮ. ಹೊಗೆ ಹಾಗಿರ್ಲಿ, ಆಮೇಲೆ ಹುಲ್ಲು ವರ್ಷವೆಲ್ಲ ಡುರ್ರ್ ಅನ್ನುತ್ತೆ,” ಎಂದ ಹುಲ್ಲು ಕತ್ತರಿಸುವ ಯಂತ್ರಗಳ ಅಂಗಡಿಯ ಚಂದ್ರಮೌಳಿ.

“ಬ್ಯಾಟರಿಯದು?”

“ಹೊಗೆ ಇಲ್ಲ. ಆದ್ರೆ ಗುಂಯ್ ಅನ್ನೋದನ್ನ ಕಲಿಯುತ್ತೆ. ನಮ್ಮ ಮಾವನ ಮನೆ ಹುಲ್ಲು ದುಂಬಿ ಥರ ಆಗ್ಬಿಟ್ಟಿದೆ. ಕೈಯಲ್ಲಿ ತಳ್ಳೋದು ತಗೊಳ್ಳಿ. ತಳ್ಳೋವಾಗ ಯಾರನ್ನೂ ಬೈಯಬೇಡಿ, ಅಷ್ಟೆ.”

ಮರುದಿನ ಬೆಳಿಗ್ಗೆ ಸರ್ವಮಂಗಳಮ್ಮ ಗಂಡನ ಮೆಚ್ಚಿನ ಪದ್ಯವನ್ನೇ ಹಾಡುತ್ತ ಯಂತ್ರ ತಳ್ಳಿದರು. ಮೂರನೆಯ ಸಾಲಿನಲ್ಲಿ ಎಂದಿನಂತೆ ರಾಗ ತಪ್ಪಿ ಮೇಲೇರಿತು. ಕತ್ತರಿಸಿದ ಹುಲ್ಲು ಸುಮ್ಮನಿತ್ತು. ಆಮೇಲೆ ಸಣ್ಣಗೆ ಗಾಳಿ ಬೀಸಿತು.

“ಅಯ್ಯೋ ಮಂಗಳಾ, ಅಲ್ಲಿ ಇಳೀಬೇಕು ಕಣೇ,” ಎಂದಿತು ಹುಲ್ಲು, ಯಜಮಾನರ ದನಿಯಲ್ಲಿ.

“ನೀವೇ ಇಳಿಸಿ, ನೋಡೋಣ,” ಎನ್ನುತ್ತ ಸರ್ವಮಂಗಳಮ್ಮ ಅಲ್ಲೇ ಕುಳಿತುಬಿಟ್ಟರು.