ನಡುಹೊಳೆಯಲ್ಲಿ ಕೂತವಳು

ನಡುಹೊಳೆಯಲ್ಲಿ ಇಂಜಿನ್ ನಿಂತದ್ದೇ ತಡ, ಪ್ರಯಾಣಿಕರೆಲ್ಲ ಎದ್ದು ದಡ ಕಾಣುವ ಬಲಬದಿಗೆ ನುಗ್ಗಿದರು. ದೋಣಿ ಆ ಕಡೆಗೇ ವಾಲಿತು. "ಗಾಬರಿ ಆಗ್ಬೇಡಿ! ಗಾಬರಿ ಆಗ್ಬೇಡಿ!" ಎಂದು ಟಿಕೆಟ್ ಕೊಡುವ ಹುಡುಗಿ ಗಂಟಲು ಹರಿದುಹೋಗುವಂತೆ ಕೂಗಿದಳು. ಆ ಕೂಗು ಕೇಳಿಯೇ ಜನ ಇನ್ನಷ್ಟು ಗಾಬರಿಯಾದರು.

ಅದನ್ನು ಕಂಡ ಅವಳು ಕೂಗುವುದನ್ನು ಬಿಟ್ಟು, ಎಡಬದಿಯ ಒದ್ದೆ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಜನ ಬೆರಗಾಗಿ ತಿರುಗಿ ನೋಡಿದರು. ಅವಳು ಮಾಮೂಲಿ ದನಿಯಲ್ಲಿ ಹೇಳಿದಳು: "ಇಂಜಿನ್ ಕೆಟ್ಟಿದೆ, ದೋಣಿ ತೂತಾಗಿಲ್ಲ. ಫೋನ್ ಮಾಡಿದ್ದೀವಿ, ನಮ್ಮನ್ನ ಎಳ್ಕೊಂಡು ಹೋಗೋಕೆ ಇನ್ನೊಂದು ದೋಣಿ ಹೊರಟಿದೆ. ಎಷ್ಟೊತ್ತಾಗುತ್ತೋ ನಂಗೂ ಗೊತ್ತಿಲ್ಲ. ಎಲ್ಲರೂ ಒಂದೇ ಕಡೆ ನಿಂತ್ರೆ ಮಾತ್ರ ಮಗುಚುತ್ತೆ. ಮಕ್ಕಳನ್ನ ಎತ್ಕೊಂಡಿರೋರು ಈ ಕಡೆ ಬನ್ನಿ. ಉಳಿದೋರು ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ಕೂತ್ಕೊಳ್ಳಿ, ನನ್ನ ಹಾಗೆ."

ಮೊದಲು ಒಬ್ಬ ತಾಯಿ ಮಗುವಿನೊಂದಿಗೆ ಬಂದು ಅವಳ ಪಕ್ಕ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಮರಳಿ ಕೂತರು. ದೋಣಿ ನಿಧಾನವಾಗಿ ನೆಟ್ಟಗಾಯಿತು. ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದ ಅಜ್ಜಿಯೊಬ್ಬಳು ಹುಡುಗಿಯನ್ನು ಗದರಿದಳು: "ಇದನ್ನ ಮೊದ್ಲೇ ಹೇಳ್ಬಾರ್ದಿತ್ತೇನೇ? ಇನ್ನೇನು ಸತ್ತೇ ಹೋಗ್ತೀವಿ ಅಂತ ಇವಳನ್ನ ಪೂರ್ತಿ ಕ್ಷಮಿಸಿಬಿಟ್ಟೆ!"

ಎಲ್ಲರಿಗಿಂತ ಮೊದಲು ನಕ್ಕವಳು ಸೊಸೆಯೇ.